ಲೆಕ್ಕದಪ್ಪ ನಕ್ಕದ್ದು

ತಾನು ನಕ್ಕದ್ದು ಪಕ್ಕದವರಿಗೆ ಕೇಳಿಸಿತೇನೋ ಎಂಬ ಅನುಮಾನದಿಂದ ಸುಂಕಪ್ಪ ಟವೆಲ್ಲಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದು, ಕೆಮ್ಮು ಬಂದವನಂತೆ ಹೆಗಲು ಕುಣಿಸಿದ. ರಾಯಚೂರಿನ ಆ ಥಿಯೇಟರಿನಲ್ಲಿ ಬೆಳಗಿನ ಆಟಕ್ಕೆ ಜನ ವಿರಳವಾಗಿದ್ದರು. ಶಕ್ತಿನಗರದಲ್ಲಿ ರಾತ್ರಿ ಪಾಳಿ ಮುಗಿಸಿ ನೇರ ಇಲ್ಲಿಗೇ ಬಂದಂತಿದ್ದ ನಾಲ್ಕಾರು ಹುಡುಗರು ಹಿಂದಿನ ಸಾಲಿನಲ್ಲಿ ಕಾಲು ಚಾಚಿಕೊಂಡು, ನಿದ್ದೆ ಮತ್ತು ನಗೆಯ ನಡುವೆ ತೂಗಾಡುತ್ತಿದ್ದರು; ಅವರ ನಗೆಯಲ್ಲಿ ಇವನದೂ ಕರಗಿಹೋಗಿರಬೇಕು. ಆದರೂ ನಕ್ಕದ್ದು ನಕ್ಕದ್ದೇ. ಹಿರೇಕೊಟ್ನೆಕಲ್‌ನಿಂದ ಮೊದಲ ಬಸ್ಸು ಹಿಡಿದು ಅವನು ಬಂದದ್ದು ನಗುವುದಕ್ಕಲ್ಲ, ಸಿಟ್ಟಾಗುವುದಕ್ಕೆ. ಸಿಟ್ಟಿಗೂ ಒಂದು ಕ್ರಮ ಬೇಕು, ನೋಡದ ಸಂಗತಿಯ ಮೇಲೆ ಹರಿಹಾಯುವುದು ಸಭ್ಯನಿಗೆ ಒಪ್ಪುವ ಮಾತಲ್ಲ ಎಂದು ತನಗೆ ತಾನೇ ಹೇಳಿಕೊಂಡು, ಟಿಕೀಟು ಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಆ ಬೆನ್ನು ಯಾವಾಗಲೋ ಕುರ್ಚಿಗೆ ಒರಗಿತ್ತು. ತೆರೆಯ ಮೇಲೆ ಕುರಿಗಳ ನಡುವೆ ಧೋತರ ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯ ಬೆರಳುಗಳಲ್ಲಿ ಲೆಕ್ಕ ಹಿಡಿದು ಒದ್ದಾಡುತ್ತಿದ್ದ ಆ ಮುದುಕ, ಮಾನ್ವಿ ಸೀಮೆಯ ಮಂದಿಯೆಲ್ಲ ಬಲ್ಲಂತೆ, ಸ್ವತಃ ಸುಂಕಪ್ಪನೇ.

ಕಥೆಯ ಮೂಲ ಇಷ್ಟು. ಬೆಳೆ ತೆಗೆದ ಹೊಲದಲ್ಲಿ ಕುರಿಹಿಂಡನ್ನು ಕೆಲವು ರಾತ್ರಿ ನಿಲ್ಲಿಸಿ, ಅವುಗಳ ಹಿಕ್ಕೆ ಮಣ್ಣಿಗೆ ಬೀಳುವಂತೆ ಮಾಡಿ, ಬದಲಿಗೆ ಕುರಿಯವರಿಗೆ ರೊಟ್ಟಿಯನ್ನೂ ಕಾಳನ್ನೂ ಕೊಡುವುದು ಈ ಕಡೆಯ ವಾಡಿಕೆ. ಕೆಲವು ವರ್ಷಗಳ ಕೆಳಗೆ ಸುಂಕಪ್ಪ ತನ್ನ ಹೊಲಕ್ಕೆ ಹನುಮೇಶನ ಹಿಂಡನ್ನು ಗೊತ್ತುಮಾಡಿದ. ಹನುಮೇಶ ದೂರದ ಸಂಬಂಧದವನು, ಸುಂಕಪ್ಪನನ್ನು ಕಾಕಾ ಎನ್ನುವವನು. ಹಿಂಡು ಕಾಲುವೆಯ ಸೇತುವೆ ದಾಟಿ ಊರಿನ ಸೀಮೆಗೆ ಬಂದ ಸಂಜೆ ಸುಂಕಪ್ಪ ಅಲ್ಲಿಯೇ ನಿಂತು ಬರಮಾಡಿಕೊಂಡು, ಬೇವಿನ ಗಿಡದ ಹೊಲ ಎಂದು ಗುರುತು ಹೇಳಿ, ಮರುದಿನ ಕಣ್ಣಿನ ಪೊರೆ ತೆಗೆಸಲು ರಾಯಚೂರಿಗೆ ಹೋದ. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಅವನು ಬೀಗರ ಮನೆಯಲ್ಲಿ ಮಲಗಿದ್ದಷ್ಟು ದಿನವೂ ಹನುಮೇಶ ಅವನ ಮನೆಯ ಬಾಗಿಲಿಗೆ ಬಂದು, ಹೆಂಡತಿ ಬಂಡೆಮ್ಮನ ಕೈಯಿಂದ ರೊಟ್ಟಿ, ಪುಂಡಿಪಲ್ಯ ಕಟ್ಟಿಸಿಕೊಂಡು ಹೋಗುತ್ತಿದ್ದ. ಕುರಿಗಳು ಮಾತ್ರ ಬದುವಿನ ಆಚೆ, ಮುದುಕಪ್ಪ ಎಂಬ ನೆರೆಯವನ ಹೊಲದಲ್ಲಿ ಮಲಗಿ ಏಳುತ್ತಿದ್ದವು. ಆ ಹೊಲದ ಮೂಲೆಯಲ್ಲೂ ಒಂದು ಬೇವಿನ ಗಿಡವಿತ್ತು. ಹೊಸ ಕಣ್ಣಿನಿಂದ ಸುಂಕಪ್ಪ ಮೊದಲು ಕಂಡದ್ದು ತನ್ನ ಬೋಳು ನೆಲವನ್ನು, ಮತ್ತು ಅದಕ್ಕೆ ಒತ್ತಿಕೊಂಡೇ ಇದ್ದ ಮುದುಕಪ್ಪನ ಹೊಲದಲ್ಲಿ ಕಪ್ಪು ಸಾಸಿವೆ ಚೆಲ್ಲಿದಂತೆ ಬಿದ್ದಿದ್ದ ಹಿಕ್ಕೆಯನ್ನು. ಹನುಮೇಶ ಅಷ್ಟರಲ್ಲಿ ಹಿಂಡು ಹೊಡೆದುಕೊಂಡು ದೇವದುರ್ಗದ ದಾರಿ ಹಿಡಿದಾಗಿತ್ತು.

ತಪ್ಪಿ ಆಯಿತೋ, ಬೇಕೆಂದು ಮಾಡಿದನೋ? ಈ ಒಂದು ಪ್ರಶ್ನೆಯನ್ನು ಸುಂಕಪ್ಪ ಅಂದಿನಿಂದ ಇಂದಿನವರೆಗೆ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ ನಾಲಗೆಯಿಂದ ಸವರುತ್ತ ಬಂದಿದ್ದ. ಕೇಳಿಬಿಟ್ಟರೆ ಮೋಸಹೋದವನಾಗುತ್ತೇನೆ, ಕೇಳದಿದ್ದರೆ ದೊಡ್ಡ ಮನಸ್ಸಿನವನಾಗಿ ಉಳಿಯುತ್ತೇನೆ ಎಂದು ಎಣಿಸಿ ಕೇಳದೆ ಉಳಿದ. ಆದರೆ ಅವನು ಕೇಳದೆ ಬಿಟ್ಟದ್ದನ್ನು ಊರು ಹೇಳದೆ ಬಿಡಲಿಲ್ಲ. ಕಥೆ ಹಳ್ಳಿಯಿಂದ ಹಳ್ಳಿಗೆ ನಡೆಯಿತು. ಚಂದ್ರಬಂಡದ ಕಡೆ ರೊಟ್ಟಿಯ ಜಾಗದಲ್ಲಿ ಹೋಳಿಗೆ ಬಂತು. ಬಂಡೆಮ್ಮ ಕುರಿಯವನಿಗೆ ಕದ್ದು ತುಪ್ಪ ಕೊಟ್ಟಳೆಂದು ಸೇರಿಸಿ ಹೇಳುವವರು ಮಾನ್ವಿಯಲ್ಲಿದ್ದರು. ದೇವದುರ್ಗ ಮುಟ್ಟುವ ಹೊತ್ತಿಗೆ ಸುಂಕಪ್ಪನ ಹೆಸರೇ ಉದುರಿ, ಎಲ್ಲವನ್ನೂ ಎಣಿಸುವ ಒಬ್ಬ ಮುದುಕ ಮಾತ್ರ ಉಳಿದಿದ್ದ. ಅಲ್ಲಿಯ ನಾಗೇಶ ಎಂಬ ತರುಣ ಅದನ್ನು ಚಹಾದಂಗಡಿಯಲ್ಲಿ ಕೇಳಿ, ನಕ್ಕು, ಹನುಮೇಶನನ್ನು ಹುಡುಕಿಕೊಂಡು ಹೋಗಿ, ಸಿನಿಮಾ ಮಾಡಿಯೇಬಿಟ್ಟ. ಸಿನಿಮಾದಲ್ಲಿ ಕುರಿಯವನು ಲೋಕದ ಕಪಟವರಿಯದ ಮುಗ್ಧ. ಎಡವುತ್ತಾನೆ, ಬೀಳುತ್ತಾನೆ, ಕಣ್ಣು ಪಿಳಿಪಿಳಿ ಬಿಡುತ್ತಾನೆ, ಕೊನೆಗೆ ಗೆಲ್ಲುತ್ತಾನೆ. ಮುದುಕನ ಹೆಸರು ಲೆಕ್ಕದಪ್ಪ. ಹಿಕ್ಕೆಯೆಲ್ಲ ಬಿದ್ದ ಹೊಲದ ಧಣಿ, ಆ ವರ್ಷ ಎದೆಯೆತ್ತರ ಜೋಳ ಬೆಳೆದ ಮುದುಕಪ್ಪ, ಸಿನಿಮಾದಲ್ಲಿ ಇಲ್ಲವೇ ಇಲ್ಲ. ಫಸಲು ಉಂಡವನನ್ನು ಕಥೆ ಎಷ್ಟು ಸಲೀಸಾಗಿ ಹೊರಗೆ ಬಿಟ್ಟಿತಲ್ಲ ಎಂದು ಸುಂಕಪ್ಪ ಕತ್ತಲಲ್ಲಿ ಬೆರಗಾದ. ಒಳ್ಳೆಯವನು ಗೆಲ್ಲುವುದಕ್ಕೆ ಒಬ್ಬ ಸೋಲುವವನು ಸಾಕು. ಮೂರನೆಯವನು ಬಂದರೆ ಜನಕ್ಕೆ ನಗುವುದು ಕಷ್ಟವಾಗುತ್ತದೇನೋ.

“ಅಯ್ಯ ಅಯ್ಯ, ಪಾಪ ಹುಡುಗ,” ಎಂದು ಪಕ್ಕದ ಕುರ್ಚಿಯಿಂದ ಒಂದು ಕೈ ಶೇಂಗಾದ ಪೊಟ್ಟಣವನ್ನು ಅವನತ್ತ ಚಾಚಿತು. ಖಾಸಿಂ ಬೀ ಎಂಬ ಆ ಹೆಂಗಸು ಈ ಸಿನಿಮಾವನ್ನು ಇದು ಮೂರನೆಯ ಸಲ ನೋಡುತ್ತಿದ್ದಳು, ಮತ್ತು ಮುಂದೆ ಬರುವುದನ್ನು ಮುಂಚಿತವಾಗಿ ಹೇಳಿ ಅಪರಿಚಿತರಿಗೆ ಉಪಕಾರ ಮಾಡುತ್ತಿದ್ದಳು. “ತಗೋರಿ ಭಾಯಿಸಾಬ್. ಈಗ ನೋಡ್ರಿ, ಆ ಮುದುಕ ಹಿಕ್ಕಿ ತಿಪ್ಪ್ಯಾಗ ಬೀಳ್ತಾನ.”

ಮುದುಕ ಬಿದ್ದ. ಸುಂಕಪ್ಪ ಶೇಂಗಾ ತಿಂದ.

“ಹಂಗ ಆಗಬೇಕು ಅಂವಗ,” ಎಂದಳು ಖಾಸಿಂ ಬೀ, ಕಣ್ಣು ಒರೆಸಿಕೊಳ್ಳುತ್ತ. “ಎಂಥಾ ಜೀನ ಅದಾನ. ನಿಮ್ಮೂರಾಗೂ ಇಂಥೋರು ಇರಬೇಕಲ್ಲ?”

“ಅದಾರ,” ಎಂದ ಸುಂಕಪ್ಪ.

“ಎಲ್ಲಾ ಕಡೆ ಅದಾರ ಬಿಡ್ರಿ. ನಾ ದಿನಾ ಮೂರು ಮನಿ ಭಾಂಡಿ ತಿಕ್ಕತೀನಿ. ಒಂದು ಮನ್ಯಾಗ ಡಬ್ಬ್ಯಾಗಿನ ಸಕ್ಕರಿ ಮ್ಯಾಲ ಬೆರಳಿಂದ ಗೆರಿ ಎಳದು ಇಟ್ಟಿರತಾರ, ನಾ ತಿಂತೀನಿ ಅಂತ. ನಾ ತಿಂದು ಮತ್ತ ಗೆರಿ ಎಳದು ಇಡ್ತೀನಿ.” ಅವಳು ತನ್ನ ಮಾತಿಗೆ ತಾನೇ ನಕ್ಕಳು. “ನಮ್ಮಂಥೋರು ಗೆಲ್ಲೂದು ಇದೊಂದು ಜಾಗಾದಾಗ ನೋಡ್ರಿ. ಹೊರಗ ಹೋದ್ರ ಮತ್ತ ಅದೇ ಬಿಸಲು, ಅದೇ ಭಾಂಡಿ.”

“ಆ ಮುದುಕ ಯಾವಾಗ ಗೆಲ್ತಾನ?”

“ಅಂವಾ ಯಾಕ ಗೆಲ್ಲಬೇಕು?” ಖಾಸಿಂ ಬೀ ಮೊದಲ ಸಲ ತೆರೆಯಿಂದ ಕಣ್ಣು ಕಿತ್ತು ಅವನ ಕಡೆ ನೋಡಿದಳು. “ಹೊಲ ಅದಲ್ಲ ಅಂವಗ.”

ಸುಂಕಪ್ಪ ಆ ಮಾತನ್ನು ಶೇಂಗಾದ ಜೊತೆಗೆ ಅಗಿದು ನುಂಗಿದ. ಅವನನ್ನು ಕಾಡಿದ್ದು ಅದಕ್ಕಿಂತ ಕೀಳಾದ ಇನ್ನೊಂದು ಸಂಗತಿ: ಮುದುಕ ತಿಪ್ಪೆಗೆ ಬಿದ್ದಾಗ ಅವನಿಗೆ ತನ್ನ ಮೊಣಕಾಲಿನ ಮೇಲೆ ಹಸಿ ಹಿಕ್ಕೆಯ ಬಿಸುಪು ತಗುಲಿದಂತಾಗಿತ್ತು. ಅವನು ಯಾವ ತಿಪ್ಪೆಗೂ ಬಿದ್ದವನಲ್ಲ. ಆದರೂ ಯಾವುದೋ ಸಂಜೆ, ಯಾರೋ ನಗುತ್ತಿದ್ದಾಗ, ಕೈಯೂರಿ ಎದ್ದ ನೆನಪು ಅವನೊಳಗೆ ನಿಜವಾದ ನೆನಪುಗಳ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತುಬಿಟ್ಟಿತು. ಸಿನಿಮಾದಲ್ಲಿ ಮಜ್ಜಿಗೆಗೆ ನೀರು ಬೆರೆಸಿ ಕುರಿಯವನಿಗೆ ಕೊಟ್ಟವನು ಲೆಕ್ಕದಪ್ಪ ತಾನೇ? ಬಂಡೆಮ್ಮನ ಮಜ್ಜಿಗೆ ಮೊದಲಿನಿಂದಲೂ ತೆಳು. ಹಾಗಾದರೆ ಅದನ್ನು ತೆಳುವಾಗಿಸಿದವರು ಯಾರು? ಬಂಡೆಮ್ಮ ಹೋದ ವಾರ ಓಣಿಯ ಹೆಂಗಸರ ಜೊತೆ ಮಾನ್ವಿಯಲ್ಲಿ ಸಿನಿಮಾ ನೋಡಿ ಬಂದು, “ನನ್ನ ಪಾರ್ಟ್ ಚೊಲೋ ಮಾಡ್ಯಾರ್ರಿ, ಆ ನಟಿ ಒಂದೀಟು ದಪ್ಪ ಆದಳು,” ಎಂದಷ್ಟೇ ಹೇಳಿ, ಅಂದಿನಿಂದ ಅವನ ತಟ್ಟೆಗೆ ತುಪ್ಪ ಹಾಕುವಾಗಲೆಲ್ಲ ತುಟಿಯ ಮೂಲೆಯಲ್ಲಿ ನಗುತ್ತಿದ್ದಳು. ಮದುವೆಯಾಗಿ ಇಷ್ಟು ವರ್ಷ ತಾನು ಕಾಣದ ಆ ನಗುವನ್ನು ಯಾರೋ ಅಪರಿಚಿತ ಹುಡುಗನೊಬ್ಬ ಅವಳಿಗೆ ಕೊಟ್ಟು ಕಳಿಸಿದ್ದ. ಸಂತೆಯಲ್ಲಿ ಹುಡುಗರು “ಲೆಕ್ಕದಪ್ಪಾ, ನನ್ನ ಹಲ್ಲು ಎಷ್ಟದಾವ ನೋಡು” ಎಂದು ಬಾಯಿ ತೆರೆದು ಓಡುತ್ತಿದ್ದರು. ಬೈದರೆ ಸಿನಿಮಾದ ಮುದುಕನೂ ಹಾಗೆಯೇ ಬೈಯುತ್ತಾನಂತೆ. ಸುಮ್ಮನಿದ್ದರೆ ಸಿನಿಮಾದ ಮುದುಕನೂ ಹಾಗೆಯೇ ಮುಖ ಬಿಗಿಯುತ್ತಾನಂತೆ. ಅವನು ಹೋಗಬಹುದಾದ ದಾರಿಗಳಲ್ಲೆಲ್ಲ ಆ ನಟ ಒಂದು ಹೆಜ್ಜೆ ಮುಂದೆ ನಡೆದು ಮುಗಿಸಿದ್ದ.

ಮತ್ತು ಇಷ್ಟೆಲ್ಲದರ ನಡುವೆ ಅವನು ನಕ್ಕಿದ್ದ. ಎಣಿಕೆಯ ದೃಶ್ಯದಲ್ಲಿ. ಸೇತುವೆಯ ಮೇಲೆ ಲೆಕ್ಕದಪ್ಪ ಕುರಿ ಎಣಿಸುತ್ತಾನೆ, ಮರಿಯೊಂದು ಅವನ ಕಾಲ ಸಂದಿಯಲ್ಲಿ ನುಗ್ಗಿ ಹಿಂದಕ್ಕೆ ಓಡುತ್ತದೆ, ಲೆಕ್ಕ ತಪ್ಪುತ್ತದೆ, ಮೊದಲಿನಿಂದ ಎಣಿಸುತ್ತಾನೆ, ಅದೇ ಮರಿ ಮತ್ತೆ ಬರುತ್ತದೆ. ಆ ಹುಡುಗ ನಾಗೇಶನಿಗೆ ಒಳ್ಳೆಯ ಕಣ್ಣಿದೆ ಎಂದು ಸುಂಕಪ್ಪ ಒಪ್ಪಲೇಬೇಕಾಯಿತು. ಕೊನೆಯ ಹೊತ್ತಿಗಂತೂ, ಮುಗ್ಧ ಕುರಿಯವನು ಗೆದ್ದು, ಊರೆಲ್ಲ ಕುಣಿದು, ಲೆಕ್ಕದಪ್ಪನೂ ಕರಗಿ ಅವನನ್ನು ಅಪ್ಪಿಕೊಂಡಾಗ, ಸುಂಕಪ್ಪನ ಕಣ್ಣುಗಳೆರಡೂ ತುಂಬಿದವು. ತನ್ನ ಸೋಲಿಗೆ ತಾನೇ ಚಪ್ಪಾಳೆ ತಟ್ಟುತ್ತಿದ್ದೇನೆ ಎಂಬುದು ಅಂಗೈ ಬಿಸಿಯಾದ ಮೇಲೆ ತಿಳಿಯಿತು. ದೀಪಗಳು ಹತ್ತಿದಾಗ ಖಾಸಿಂ ಬೀ ಅವನ ಮುಖವನ್ನು ಸ್ವಲ್ಪ ಹೊತ್ತು ದಿಟ್ಟಿಸಿ, “ಭಾಯಿಸಾಬ್, ನಿಮ್ಮನ್ನ ಎಲ್ಲೋ ನೋಡೀನಲ್ಲ?” ಎಂದಳು. ಅವನು ಟವೆಲ್ ತಲೆಗೆ ಸುತ್ತಿಕೊಂಡು ಹೊರಗೆ ನಡೆದ.

ಮಾನ್ವಿಯ ಬಸ್ಸಿನಲ್ಲಿ ಮಿರ್ಚಿಯ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು ಅವನು ತನ್ನ ಸಿಟ್ಟನ್ನು ಹುಡುಕಿದ. ಅದು ಇದ್ದೇ ಇರಬೇಕು; ಇಷ್ಟು ವರ್ಷ ಜೋಪಾನ ಮಾಡಿದ್ದು ಒಂದು ಬೆಳಗಿನ ಆಟಕ್ಕೆ ಕರಗುವುದೆಂದರೇನು? ಮಧ್ಯಾಹ್ನ ಮಾನ್ವಿಯ ಕಲ್ಯಾಣ ಮಂಟಪದಲ್ಲಿ, ಸಿನಿಮಾದ ನಿಜವಾದ ಕುರಿಯವನೆಂದು, ಹನುಮೇಶನಿಗೆ ಸನ್ಮಾನವಿತ್ತು. ಅಲ್ಲಿ, ಜನರೆದುರು, ಅವನು ಆ ಒಂದು ಮಾತನ್ನು ಕೇಳಿ ಉತ್ತರ ಪಡೆಯುವವನಿದ್ದ. ತಪ್ಪಿ ಆಯಿತೆಂದರೆ ಸಿನಿಮಾ ನಿಜ, ತಾನು ನಗೆಗೆ ತಕ್ಕವನು. ಬೇಕೆಂದು ಮಾಡಿದ್ದೆಂದರೆ ತಾನು ಅನ್ಯಾಯಕ್ಕೆ ಒಳಗಾದವನು, ಕರುಣೆ ತನಗೆ ಸಲ್ಲಬೇಕಾದದ್ದು. ಕರುಣೆ ಎಂಬ ಶಬ್ದ ಮನಸ್ಸಿಗೆ ಬಂದಕೂಡಲೇ ಕಿವಿ ಬಿಸಿಯಾಯಿತು. ಹಾಗಾದರೆ ತಾನು ಕೇಳಹೊರಟಿರುವುದು ನ್ಯಾಯವನ್ನಲ್ಲ. ಆ ಮುಗ್ಧ ಹುಡುಗನ ಪಾತ್ರವನ್ನು. ಪಕ್ಕದಲ್ಲಿ ಕೂತವನು ಮೊಬೈಲಿನಲ್ಲಿ ಅದೇ ಎಣಿಕೆಯ ದೃಶ್ಯ ನೋಡಿ ನಗುತ್ತಿದ್ದ. ಸುಂಕಪ್ಪ ಕಿಟಕಿಯ ಕಡೆ ತಿರುಗಿದ. ಆದರೆ ಮರಿ ಎರಡನೆಯ ಸಲ ಬರುವ ಹೊತ್ತಿಗೆ ಸರಿಯಾಗಿ ಕಣ್ಣು ಹೊರಳಿಸಿ ನೋಡಿದ.

ಮಂಟಪದ ಬಾಗಿಲಲ್ಲಿಯೇ ಅವನು ಸಿಕ್ಕಿಬಿದ್ದ. ಯಾರೋ “ಲೆಕ್ಕದಪ್ಪ ಬಂದಾನ್ರೋ” ಎಂದರು. ಇನ್ನಾರೋ ಕೈ ಹಿಡಿದರು. ನೂಕಿದವರಿಲ್ಲ, ಎಳೆದವರಿಲ್ಲ, ಎಲ್ಲರ ಪ್ರೀತಿಯೇ ಅವನನ್ನು ಎತ್ತಿ ವೇದಿಕೆಯ ಮೇಲಿಟ್ಟಿತು. ಅಲ್ಲಿ ಹನುಮೇಶ ಶಾಲು ಹೊದ್ದು, ತಲೆಗೆ ಹೊಸ ಪಟಕಾ ಸುತ್ತಿ, ಮದುವೆಗೆ ಒಪ್ಪದ ವರನಂತೆ ಕೂತಿದ್ದ. ಮೈಕು ಹಿಡಿದಿದ್ದ ನಾಗೇಶ ಬಾಗಿ ಸುಂಕಪ್ಪನ ಪಾದ ಮುಟ್ಟಿದ. “ಇವರು ಇಲ್ಲದಿದ್ರ ನಮ್ಮ ಪಿಚ್ಚರೇ ಇಲ್ಲ. ಕಾಕಾ, ಒಂದು ಮಾತಾಡ್ರಿ. ಏನರ ಬೈರಿ. ನೀವು ಬೈದ್ರ ಜನಕ್ಕ ಖುಷಿ.”

ಸುಂಕಪ್ಪ ಮೈಕು ತೆಗೆದುಕೊಂಡ. ಹಲ್ಲಿನ ಸಂದಿಯ ಆ ನಾರು ಕೊನೆಗೂ ನಾಲಗೆಯ ತುದಿಗೆ ಬಂತು. ಬಲಗೈಯ ಬೆರಳೆತ್ತಿ, “ಹನುಮೇಶಾ, ನಾಲ್ಕು ಮಂದಿ ಮುಂದ ಖರೇ ಹೇಳು. ಆವತ್ತು ನೀ ತಪ್ಪಿ ನಿಂದರಿಸಿದ್ಯೋ, ಬೇಕಂತ ನಿಂದರಿಸಿದ್ಯೋ?” ಎಂದ.

ಮಂಟಪ ನಗೆಯಿಂದ ಒಡೆದುಹೋಯಿತು. ಸಿನಿಮಾದ ಪಂಚಾಯ್ತಿಯಲ್ಲಿ ಲೆಕ್ಕದಪ್ಪ ಹೀಗೆಯೇ ಬೆರಳೆತ್ತಿ, ಇದೇ ಮಾತನ್ನು ಕೇಳುತ್ತಾನೆ. ಬೆಳಿಗ್ಗೆ ಅದನ್ನು ನೋಡಿದ್ದೂ ಸುಂಕಪ್ಪನಿಗೆ ಮರೆತಿತ್ತು, ಅಥವಾ ಮರೆತಿರಲಿಲ್ಲವೋ. ಬೆರಳು ತನ್ನದೋ ನಟನದೋ ಎಂದು ಅವನು ಅದನ್ನೇ ನೋಡಿದ. ಜನ ಹನುಮೇಶನ ಕಡೆ ತಿರುಗಿ ಕಾದರು. ಹನುಮೇಶ ಎದ್ದು, ಕಣ್ಣು ಪಿಳಿಪಿಳಿ ಬಿಟ್ಟು, ಅವರು ಬಯಸಿದ್ದನ್ನು ಕೊಟ್ಟ: “ನನಗೇನು ಗೊತ್ತು ಕಾಕಾ. ಕುರಿಗೋಳನ್ನ ಕೇಳ್ರಿ.” ಶಿಳ್ಳೆಗಳು ಬಿದ್ದವು. ಸುಂಕಪ್ಪನ ಹೆಗಲಿಗೂ ಒಂದು ಶಾಲು ಬಂತು.

ಊಟದ ಪಂಕ್ತಿಯ ಹಿಂದೆ ಕೈ ತೊಳೆಯುವ ನಳದ ಬಳಿ ಅವನು ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದಾಗ ಹನುಮೇಶ ಬಂದು ಪಕ್ಕದಲ್ಲಿ ನಿಂತ. ಪಟಕಾ ತೆಗೆದಿದ್ದ. ಪಟಕಾ ಇಲ್ಲದೆ ಅವನ ತಲೆ ನೆರೆಯತೊಡಗಿದ್ದು ಕಾಣುತ್ತಿತ್ತು.

“ಬೇಕಂತ ನಿಂದರಿಸಿದ್ದೆ ಕಾಕಾ,” ಎಂದ, ನಳದ ಕಡೆ ನೋಡುತ್ತ.

ಸುಂಕಪ್ಪ ನೀರು ನಿಲ್ಲಿಸಿದ.

“ಸೇತುವಿ ಮ್ಯಾಲ ನೀವು ನನ್ನ ಕುರಿ ಎಣಿಸಿದ್ರಿ. ಬೆರಳು ಮಾಡಿ, ಬಾಯಿಲೆ, ಗಟ್ಟಿಗೆ. ನೀವು ಕುರಿ ಕಾಯ್ದವರ ಮನ್ಯಾಗ ಹುಟ್ಟಿದವರು. ಮಂದಿ ಕುರಿ ಎಣಿಸಬಾರದು, ಎಣಿಸಿದ್ರ ಹಿಂಡು ಸೊರಗತದ ಅಂತ ನಿಮಗ ಗೊತ್ತಿಲ್ಲೇನು? ಮರುದಿನ ಮುಂಜಾನೆ ಒಂದು ಮರಿ ಸತ್ತಿತ್ತು. ಹೆಣ್ಣು ಮರಿ.”

ಸೇತುವೆ, ಸಂಜೆ, ಧೂಳು. ಸುಂಕಪ್ಪನ ಅಪ್ಪನ ಕಾಲಕ್ಕೆ ಕುರಿ ಮಾರಿ ಹೊಲ ಹಿಡಿದಾಗಿತ್ತು. ಅಜ್ಜ ಮಾತ್ರ ಸಾಯುವವರೆಗೆ ಕುರಿಯ ವಾಸನೆಯವನಾಗಿದ್ದ, ಹಿಂಡು ದಾಟುವಾಗ ಮೊಮ್ಮಗನ ಎತ್ತಿದ ಬೆರಳನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯುತ್ತಿದ್ದ. ಆ ಮುಷ್ಟಿ ಇಲ್ಲದ ಸಂಜೆ ಅವನು ಎಣಿಸಿದ್ದ. ಗೊತ್ತುಮಾಡುವಾಗ ಮಾತಾದಷ್ಟು ಕುರಿ ಇವೆಯೋ ಇಲ್ಲವೋ ಎಂದು, ಹೌದು, ಅದಕ್ಕೇ. ಬೇರೆ ಯಾವ ಕಾರಣವೂ ಇರಲಿಲ್ಲ.

“ಮರಿ ಸತ್ತದ್ದು ಪಿಚ್ಚರಿನ್ಯಾಗ ಇಲ್ಲ,” ಎಂದ ಸುಂಕಪ್ಪ.

“ನಾಗೇಶಗ ಹೇಳಿದ್ದೆ. ಮರಿ ಸತ್ರ ಜನ ನಗೂದಿಲ್ಲ, ನೀ ಬೇಕಂತ ಮಾಡಿದ್ರ ಜನ ನಿನ್ನ ಪ್ರೀತಿ ಮಾಡೂದಿಲ್ಲ ಅಂದ. ಎರಡೂ ತಗದ.” ಹನುಮೇಶ ಶಾಲಿನಿಂದ ಕೈ ಒರೆಸಿಕೊಂಡ. “ಈಗ ಎಲ್ಲಾರೂ ಪ್ರೀತಿ ಮಾಡ್ತಾರ ಕಾಕಾ. ಹೊಲಕ್ಕ ಹೋದ್ರ ಕಾಳು ಕೊಡೂದಿಲ್ಲ, ಸೆಲ್ಫಿ ಕೊಡ್ತಾರ. ಬಾಯಿ ಮಾಡಿದ್ರ ನಗತಾರ. ಹೋದ ತಿಂಗಳ ಒಬ್ಬಾಂವ ನನ್ನ ಟಗರು ಕದ್ದ. ಹಿಡದು ಕೊರಳಪಟ್ಟಿ ಜಗ್ಗಿದೆ. ಅಂವಾನೂ ನಕ್ಕ. ಮನ್ಯಾಗ ಹೆಂಡ್ತಿ ಉಮಾದೇವಿನೂ ನನ್ನ ಸಿಟ್ಟು ನೋಡಿದ್ರ ಮಕ್ಕಳನ್ನ ಕರದು ತೋರಸ್ತಾಳ. ನೀವರ ಸಿಟ್ಟಾಗ್ರಿ. ನಾ ಮಾಡಿದ್ದಕ್ಕ ಸಿಟ್ಟಾಗೂ ಹಕ್ಕು ಇರೂದು ನಿಮಗೊಬ್ಬರಿಗೆ.”

ಸುಂಕಪ್ಪ ಪ್ರಾಮಾಣಿಕವಾಗಿ ಪ್ರಯತ್ನಿಸಿದ. “ಹರಾಮಖೋರ,” ಎಂದ. ಬಂದದ್ದು ಲೆಕ್ಕದಪ್ಪನ ದನಿ. ಹನುಮೇಶನ ತುಟಿ ಅವನಿಗೇ ತಿಳಿಯದಂತೆ ನಗೆಗೆ ಅಲುಗಿತು. “ನನ್ನ ಮನಿ ರೊಟ್ಟಿ ತಿಂದು,” ಎಂದು ಮುಂದುವರಿಸಿದರೆ ಅದೂ ಸಿನಿಮಾದ ಮಾತೇ. ಶಬ್ದಗಳೆಲ್ಲ ಮೊದಲೇ ಬಳಸಿ ಮುಗಿದಿದ್ದವು. ಶಬ್ದವಿಲ್ಲದ್ದು ಒಂದೇ ಉಳಿದಿತ್ತು. ಅವನು ಕೈ ಎತ್ತಿದ.

“ಕಾಕಾ, ಹಂಗೇ ಹಿಡೀರಿ. ಹಂಗೇ.” ನಾಗೇಶ ಮೊಬೈಲು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ, ಅವನ ಹಿಂದೆ ಎಲೆಯ ಮುಂದಿನಿಂದ ಎದ್ದು ಬಂದ ಮಂದಿ. “ಒಂದೀಟು ಈ ಕಡೆ ತಿರುಗ್ರಿ. ಹನುಮೇಶಣ್ಣ, ಅಂಜಿದಂಗ ಮಾಡು.”

ಸುಂಕಪ್ಪ ಕೈಯನ್ನು ಹಾಗೆಯೇ ಹಿಡಿದ. ಅದೆಷ್ಟು ವಿಧೇಯವಾಗಿ ಹಿಡಿದನೆಂದರೆ, ಭುಜ ನೋಯತೊಡಗಿದ ಮೇಲೂ ಮುಖದ ಒಂದು ಪಕ್ಕ ಬೆಳಕಿಗೆ ಬರುವಂತೆ ಗದ್ದವನ್ನು ತಾನಾಗಿಯೇ ಎತ್ತಿಕೊಟ್ಟ. ಹನುಮೇಶ ಅಂಜಿದಂತೆ ಮಾಡಿದ. ಪಟ ತೆಗೆದಾಯಿತು, ಜನ ನಕ್ಕರು, ನಾಗೇಶ “ಸಾಕು ಕಾಕಾ” ಎಂದ. ಆಗ ಸುಂಕಪ್ಪ ಹೊಡೆದ.

ಸದ್ದು ನಳದ ಗೋಡೆಗೆ ತಾಗಿ ತಿರುಗಿ ಬಂತು. ಒಂದು ಕ್ಷಣ ತಡೆದು ಮಂದಿ ಚಪ್ಪಾಳೆ ತಟ್ಟಿದರು. “ಭಾಳ ಖರೇ ಬಂತು,” ಎಂದ ಯಾರೋ. “ಇನ್ನೊಮ್ಮೆ, ಇನ್ನೊಮ್ಮೆ,” ಎಂದರು ಹಿಂದಿನವರು. ಕೆನ್ನೆಯ ಮೇಲೆ ಕೈಯಿಟ್ಟುಕೊಂಡಿದ್ದ ಹನುಮೇಶ ಯಾರ ಕಡೆಗೂ ನೋಡಲಿಲ್ಲ. ಸುಂಕಪ್ಪನನ್ನೇ ನೋಡಿದ, ಮತ್ತು ಕಣ್ಣು ಪಿಳುಕಿಸಲಿಲ್ಲ. ಸುಂಕಪ್ಪನಿಗೆ ಅವನು ಏನು ಮಾಡಲಿದ್ದಾನೆಂದು ತಿಳಿಯಿತು. ಹಿಂದೆ ಸರಿಯಲು ಜಾಗವೂ ಇತ್ತು, ಹೊತ್ತೂ ಇತ್ತು. ಅವನು ಶಾಲನ್ನು ಹೆಗಲಿನಿಂದ ತೆಗೆದು ನಳದ ಮೇಲಿಟ್ಟು ನೆಟ್ಟಗೆ ನಿಂತ. ಸತ್ತ ಮರಿಯ ಪರವಾಗಿ ಹನುಮೇಶನ ಏಟು ಮೊದಲಿನದಕ್ಕಿಂತ ಜೋರಾಗಿ ಬಿತ್ತು.

ಯಾರೂ ನಗಲಿಲ್ಲ. ಹಿಂದೆ ಚಪ್ಪಾಳೆಗೆ ಜೋಡಿಸಿದ ಕೈಗಳು ಹಾಗೆಯೇ ಉಳಿದವು. ಪ್ರೀತಿಯ ಹುಡುಗ ಹಿರಿಯನ ಮೇಲೆ ಕೈ ಮಾಡುವುದು ಅವರು ನೋಡಿದ ಯಾವ ಸಿನಿಮಾದಲ್ಲೂ ಇರಲಿಲ್ಲ. ಈಗ ಯಾರ ಪರ ವಹಿಸಬೇಕೆಂದು ತಿಳಿಯದೆ ಒಬ್ಬೊಬ್ಬರೇ ತಮ್ಮ ಎಲೆಗಳ ಕಡೆಗೆ, ಆರಿದ ಅನ್ನದ ಕಡೆಗೆ ಸರಿದರು. ಸುಂಕಪ್ಪನ ಕೆನ್ನೆ ಉರಿಯುತ್ತಿತ್ತು. ಅದು ಅವನ ಸ್ವಂತ ಕೆನ್ನೆಯಾಗಿತ್ತು.

ನಾಗೇಶ ಮಾತ್ರ ಹೋಗಲಿಲ್ಲ. ಮೊಬೈಲು ಕೆಳಗಿಳಿಸಿ, ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದ: “ಕಾಕಾ, ಏನಿದು? ಏನಾತು ನಿಮ್ಮಿಬ್ಬರ ನಡುವ? ನನಗ ಹೇಳ್ರಿ, ಯಾರ ಹೆಸರೂ ಹಾಕೂದಿಲ್ಲ. ಇದರಾಗ ಚೊಲೋ ಕಥಿ ಅದ.”

ಹನುಮೇಶ ಸುಂಕಪ್ಪನ ಮುಖ ನೋಡಿದ. ಸುಂಕಪ್ಪ ನಳ ತಿರುಗಿಸಿ, ಬೊಗಸೆಯಲ್ಲಿ ನೀರು ಹಿಡಿದು, ಮೊದಲು ಹನುಮೇಶನ ಕಡೆಗೆ ಚಾಚಿದ.

“ಅದ,” ಎಂದ ನಾಗೇಶನಿಗೆ. “ಆದ್ರ ಇದನ್ನ ನಿನಗ ಕೊಡೂದಿಲ್ಲ.”